ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಂದೇ ವಾಟರ್ ಕೂಲಿಂಗ್ ಲೂಪ್: ಓವರ್‌ಕ್ಲಾಕಿಂಗ್‌ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಓವರ್‌ಕ್ಲಾಕಿಂಗ್ ಎಂದರೆ ಚಿಪ್ಪನ್ನು ಅದಕ್ಕೆ ನಿಗದಿಯಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು; ಅದರಿಂದ ಹೆಚ್ಚುವ ಶಾಖವನ್ನು ಪಂಪಿನಿಂದ ಸುತ್ತುವ ನೀರಿನ ಮೂಲಕ ಸಾಗಿಸುವ ವ್ಯವಸ್ಥೆಯೇ ಲೂಪ್. ವಾಟರ್ ಕೂಲಿಂಗ್ ಅಳವಡಿಸಲು ಹೊರಟವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ನೀರು ಶಾಖವನ್ನು ಇಲ್ಲವಾಗಿಸುವುದಿಲ್ಲ. ಚಿಪ್‌ನ ಬಳಿ ಹೀರಿಕೊಂಡ ಶಾಖವನ್ನು ಅದು ರೇಡಿಯೇಟರ್‌ವರೆಗೆ ಹೊತ್ತೊಯ್ಯುತ್ತದೆ, ಅಷ್ಟೆ. ಆ ಶಾಖವನ್ನು ಕೊನೆಗೆ ಹೊರಹಾಕುವುದು ರೇಡಿಯೇಟರ್‌ನ ರೆಕ್ಕೆಗಳ ನಡುವೆ ಹಾಯುವ ಕೋಣೆಯ ಗಾಳಿಯೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 4,180 ಜೌಲ್ ಬೇಕು. ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದರ ಸುಮಾರು 3,500 ಪಟ್ಟು ಇದು. ಆದ್ದರಿಂದ ಸಾಗಣೆಯ ಕೆಲಸದಲ್ಲಿ ನೀರಿಗೆ ಸಾಟಿಯಿಲ್ಲ. ಆದರೆ ಸಾಗಿಸಿದ್ದನ್ನು ಇಳಿಸಲು ಸಾಕಷ್ಟು ಜಾಗವಿಲ್ಲದಿದ್ದರೆ ಎಷ್ಟೇ ದುಬಾರಿ ಬ್ಲಾಕ್ (ಚಿಪ್ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ಭಾಗ), ಎಷ್ಟೇ ಬಲವಾದ ಪಂಪ್ ಇದ್ದರೂ ಪ್ರಯೋಜನವಿಲ್ಲ. ಹಾಗಾಗಿ ಹಣವನ್ನು ಮೊದಲು ರೇಡಿಯೇಟರ್‌ಗೆ, ಅನಂತರ ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್‌ಗೆ, ಆಮೇಲಷ್ಟೇ ಉಳಿದುದಕ್ಕೆ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮುಂದಿನ ಹಂತಗಳೆಲ್ಲ ಇದೇ ತರ್ಕವನ್ನು ಅನುಸರಿಸುತ್ತವೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿರ್ದಿಷ್ಟ ಜೋಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ: ಎಎಂಡಿಯ ರೈಜನ್ 9 7950ಎಕ್ಸ್ ಪ್ರೊಸೆಸರ್ ಮತ್ತು ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್. ಎರಡೂ 2022ರಲ್ಲಿ ಬಂದವು. ಬೇರೆ ಚಿಪ್‌ಗಳನ್ನು ಬಳಸುವವರು ತಮ್ಮ ಚಿಪ್‌ಗಳ ಅಂಕಿಗಳನ್ನು ಇಟ್ಟು ಇದೇ ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ಶಾಖದ ಲೆಕ್ಕ

7950ಎಕ್ಸ್‌ನ ಅಧಿಕೃತ ಟಿಡಿಪಿ (ಕೂಲರ್ ಆಯ್ಕೆಗೆಂದು ತಯಾರಕರು ಹೇಳುವ ಶಾಖದ ಅಂಕಿ) 170 ವ್ಯಾಟ್ ಆದರೂ ಸಾಕೆಟ್‌ನ ವಿದ್ಯುತ್ ಮಿತಿ 230 ವ್ಯಾಟ್. 4090 ಕಾರ್ಡಿನದು 450 ವ್ಯಾಟ್. ಎರಡೂ ಪೂರ್ತಿ ದುಡಿದರೆ 680 ವ್ಯಾಟ್ ಶಾಖ ಲೂಪಿಗೆ ಸೇರುತ್ತದೆ. ಇದು ಓವರ್‌ಕ್ಲಾಕ್ ಮಾಡುವ ಮೊದಲಿನ ಮಾತು. ಚಿಪ್ ದುಡಿಯುವಾಗ ಬಳಸುವ ಶಕ್ತಿಯು ಆವರ್ತನಕ್ಕೆ (ಅಂದರೆ ಕ್ಲಾಕ್ ವೇಗಕ್ಕೆ) ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುತ್ತದೆ. ವೋಲ್ಟೇಜನ್ನು 1.20ರಿಂದ 1.30ಕ್ಕೆ, ಆವರ್ತನವನ್ನು 5.0ರಿಂದ 5.3 ಗಿಗಾಹರ್ಟ್ಸ್‌ಗೆ ಏರಿಸಿದಿರಿ ಎನ್ನಿ. ವೇಗ ಹೆಚ್ಚಿದ್ದು ಶೇ. 6 ಮಾತ್ರ, ಶಾಖ ಹೆಚ್ಚಿದ್ದು ಸುಮಾರು ಶೇ. 24. ಓವರ್‌ಕ್ಲಾಕಿಂಗ್‌ನ ಕಷ್ಟವೆಲ್ಲ ಈ ಅಸಮ ವ್ಯಾಪಾರದಲ್ಲಿಯೇ ಅಡಗಿದೆ.

ಇನ್ನು ಪ್ರೊಸೆಸರ್‌ಗಿಂತ ಗ್ರಾಫಿಕ್ಸ್ ಕಾರ್ಡಿಗೆ ನೀರಿನಿಂದ ಹೆಚ್ಚು ಲಾಭ ಎಂದು ನಾನು ಹೇಳುವುದೇಕೆಂದರೆ, 4090ರ ಒಳಗಿನ ಚಿಪ್ 608 ಚದರ ಮಿ.ಮೀ. ವಿಸ್ತಾರವಾಗಿದೆ ಮತ್ತು ಅದರ ಮೇಲೆ ಲೋಹದ ಮುಚ್ಚಳವಿಲ್ಲ. ಬ್ಲಾಕ್‌ನ ತಾಮ್ರ ನೇರವಾಗಿ ಸಿಲಿಕಾನ್ ಮೇಲೆಯೇ ಕೂರುತ್ತದೆ. 7950ಎಕ್ಸ್‌ನಲ್ಲಾದರೋ ಶಾಖದ ಬಹುಪಾಲು ತಲಾ ಸುಮಾರು 70 ಚದರ ಮಿ.ಮೀ. ಇರುವ ಎರಡು ಪುಟ್ಟ ಚಿಪ್ಲೆಟ್‌ಗಳಿಂದ (ಪ್ರೊಸೆಸರ್ ಒಳಗಿನ ಬಿಡಿ ಚಿಪ್‌ಗಳಿಂದ) ಹೊರಟು, ದಪ್ಪನೆಯ ಮುಚ್ಚಳವನ್ನು ದಾಟಿ ಬರಬೇಕು. ಶಾಖ ನೀರನ್ನು ತಲುಪುವ ಮುನ್ನವೇ ಇಕ್ಕಟ್ಟಿನಲ್ಲಿ ಸಿಲುಕುತ್ತದೆ. ಗಾಳಿ ಕೂಲರ್‌ನಲ್ಲಿ 65ರಿಂದ 75 ಡಿಗ್ರಿ ತೋರಿಸುತ್ತಿದ್ದ ಕಾರ್ಡ್ ಒಳ್ಳೆಯ ಲೂಪಿನಲ್ಲಿ 45ರಿಂದ 55ಕ್ಕೆ ಇಳಿಯುವುದು ಸಾಮಾನ್ಯ. 7950ಎಕ್ಸ್ ಹಾಗಲ್ಲ. ಅದನ್ನು ರೂಪಿಸಿರುವುದೇ ಪೂರ್ಣ ಹೊರೆಯಲ್ಲಿ 95 ಡಿಗ್ರಿಯವರೆಗೆ ಏರಿ, ಅಲ್ಲಿ ಸಿಗುವಷ್ಟು ವೇಗವನ್ನು ತೆಗೆದುಕೊಳ್ಳುವಂತೆ. ನೀರು ಹರಿಸಿದ ಮೇಲೂ ಅದು 90ರ ಆಸುಪಾಸು ತೋರಿಸಿದರೆ ಲೂಪ್ ಕೆಟ್ಟಿದೆ ಎಂದು ಭಾವಿಸಬಾರದು. ಅದೇ ಉಷ್ಣತೆಯಲ್ಲಿ ಎಷ್ಟು ಹೆಚ್ಚು ಗಿಗಾಹರ್ಟ್ಸ್ ಉಳಿಸಿಕೊಂಡಿತು ಎಂಬುದನ್ನು ನೋಡಬೇಕು.

ರೇಡಿಯೇಟರ್ ಮೊದಲೋ ಬ್ಲಾಕ್ ಮೊದಲೋ, ಕಾರ್ಡ್ ಮುಂಚೆಯೋ ಪ್ರೊಸೆಸರ್ ಮುಂಚೆಯೋ ಎಂಬ ಚರ್ಚೆಯನ್ನು ಒಂದು ಭಾಗಾಕಾರದಿಂದಲೇ ಮುಗಿಸಬಹುದು. ನಿಮಿಷಕ್ಕೆ 4 ಲೀಟರ್ ಹರಿವಿದ್ದರೆ ಪ್ರತಿ ಒಂದು ಡಿಗ್ರಿ ಏರಿಕೆಗೆ ನೀರು ಸುಮಾರು 279 ವ್ಯಾಟ್ ಹೊರುತ್ತದೆ. ಅಂದರೆ 680 ವ್ಯಾಟ್ ಪೂರ್ತಿ ಸೇರಿದರೂ ಲೂಪಿನ ಅತಿ ತಂಪಾದ ಬಿಂದುವಿಗೂ ಅತಿ ಬಿಸಿಯಾದ ಬಿಂದುವಿಗೂ ಇರುವ ವ್ಯತ್ಯಾಸ ಎರಡೂವರೆ ಡಿಗ್ರಿಯ ಒಳಗೇ. ಕೊಳವೆ ಹತ್ತಿರದ ದಾರಿಯಲ್ಲಿ, ಕಡಿಮೆ ತಿರುವುಗಳೊಂದಿಗೆ ಹೋಗುವಂತೆ ನೋಡಿಕೊಳ್ಳಿ; ಕ್ರಮದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಒಂದೇ ಒಂದು ನಿಯಮ ಮುರಿಯುವಂತಿಲ್ಲ: ರಿಸರ್ವಾಯರ್ (ನೀರು ತುಂಬುವ ಪುಟ್ಟ ತೊಟ್ಟಿ) ಪಂಪಿಗಿಂತ ಮೇಲಿರಬೇಕು ಮತ್ತು ಅದರ ನೀರು ನೇರವಾಗಿ ಪಂಪಿಗೇ ಇಳಿಯಬೇಕು.

ಬಿಡಿಭಾಗಗಳ ಆಯ್ಕೆ

ಸಾಧಾರಣ ವೇಗದ ಫ್ಯಾನ್‌ಗಳೊಂದಿಗೆ ಪ್ರತಿ 120 ಮಿ.ಮೀ. ರೇಡಿಯೇಟರ್ ಭಾಗಕ್ಕೆ ಸುಮಾರು 100 ವ್ಯಾಟ್ ಎಂಬುದು ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ನಮ್ಮ ಉದಾಹರಣೆಗೆ ಎರಡು 360 ಮಿ.ಮೀ. ರೇಡಿಯೇಟರ್‌ಗಳು ಕನಿಷ್ಠ, ಕ್ಯಾಬಿನೆಟ್‌ನಲ್ಲಿ ಜಾಗವಿದ್ದರೆ ಒಂದನ್ನು 420 ಮಾಡಿಕೊಳ್ಳುವುದು ಜಾಣತನ. ಆಟವಾಡುವಾಗ ಎರಡೂ ಚಿಪ್‌ಗಳು ಒಟ್ಟಿಗೆ ಗರಿಷ್ಠ ಶಕ್ತಿ ಎಳೆಯುವುದು ಅಪರೂಪವಾದ್ದರಿಂದ ಇಷ್ಟರಲ್ಲಿ ನೀರಿನ ಉಷ್ಣತೆ ಕೋಣೆಗಿಂತ 10ರಿಂದ 12 ಡಿಗ್ರಿಯಷ್ಟು ಮಾತ್ರ ಮೇಲಿರುತ್ತದೆ. 15 ಡಿಗ್ರಿ ದಾಟಿದರೆ ರೇಡಿಯೇಟರ್ ಸಾಲದು ಎಂದೇ ತಿಳಿಯಬೇಕು. ಈ ಅಂತರ ನಮ್ಮ ನಾಡಿನಲ್ಲಿ ಇನ್ನಷ್ಟು ಮುಖ್ಯ. ಬೆಂಗಳೂರಿನ ಜನವರಿಯಲ್ಲಿ 24 ಡಿಗ್ರಿಯ ಕೋಣೆಯಲ್ಲಿ 36 ತೋರಿಸುವ ನೀರು, ಕಲಬುರಗಿಯ ಮೇ ತಿಂಗಳಲ್ಲಿ 38 ಡಿಗ್ರಿಯ ಕೋಣೆಯಲ್ಲಿ 50ಕ್ಕೆ ಹೋಗುತ್ತದೆ. ಪಂಪ್ ಮತ್ತು ಕೊಳವೆಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 60 ಡಿಗ್ರಿ. ಆದ್ದರಿಂದ ಉತ್ತರ ಕರ್ನಾಟಕದ ಬಿಸಿಲಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ ಓವರ್‌ಕ್ಲಾಕ್ ಮಾಡುವವರು ಒಂದು ರೇಡಿಯೇಟರ್ ಹೆಚ್ಚೇ ಹಾಕಿಕೊಳ್ಳಲಿ. ಎಸಿ ಇರುವವರೂ ಒಂದನ್ನು ಗಮನಿಸಬೇಕು: ಒಂದು ಟನ್ನಿನ ಎಸಿ ಹೊರಹಾಕಬಲ್ಲದ್ದು ಸುಮಾರು 3,500 ವ್ಯಾಟ್; ಅದರ ಐದನೆಯ ಒಂದು ಭಾಗವನ್ನು ಈ ಕಂಪ್ಯೂಟರ್ ಒಂದೇ ತಿನ್ನುತ್ತದೆ.

ಕರಾವಳಿಯವರು ತೇವಾಂಶದಿಂದ ಕೊಳವೆಯ ಮೇಲೆ ಹನಿ ಕಟ್ಟೀತೇ ಎಂದು ಕೇಳುವುದುಂಟು. ರೇಡಿಯೇಟರ್ ಮಾತ್ರ ಇರುವ ಲೂಪಿನಲ್ಲಿ ನೀರು ಎಂದೂ ಕೋಣೆಯ ಗಾಳಿಗಿಂತ ತಂಪಾಗುವುದಿಲ್ಲ. ಆದ್ದರಿಂದ ಮಂಗಳೂರಿನ ಮಳೆಗಾಲದಲ್ಲಿಯೂ ಆ ಭಯ ಬೇಡ. ಚಿಲ್ಲರ್ ಹಾಕಿ ಕೋಣೆಯ ಉಷ್ಣತೆಗಿಂತ ಕೆಳಗಿಳಿಸುವವರಿಗೆ ಮಾತ್ರ ಆ ಸಮಸ್ಯೆ ಎದುರಾಗುತ್ತದೆ. ಅದು ಈ ಮಾರ್ಗದರ್ಶಿಯ ವ್ಯಾಪ್ತಿಯಲ್ಲಿಲ್ಲ.

ಲೋಹಗಳ ವಿಷಯದಲ್ಲಿ ರಾಜಿ ಸಲ್ಲದು. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪನ ಇವು ಒಂದೇ ಲೂಪಿನಲ್ಲಿ ಹೊಂದಿಕೊಂಡಿರುತ್ತವೆ. ಅಲ್ಯೂಮಿನಿಯಂ ಇವುಗಳ ಜೊತೆ ಸೇರಿದರೆ ನೀರೇ ವಿದ್ಯುದ್ವಿಚ್ಛೇದ್ಯವಾಗಿ, ಅಲ್ಯೂಮಿನಿಯಂ ಕರಗುತ್ತ ಹೋಗಿ ತೂತಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವ ರೇಡಿಯೇಟರ್‌ಗಳು ಹಲವು ಬಾರಿ ಅಲ್ಯೂಮಿನಿಯಂನವೇ ಆಗಿರುತ್ತವೆ. ವಿವರಣೆಯಲ್ಲಿ ಲೋಹದ ಹೆಸರೇ ಇಲ್ಲದ ರೇಡಿಯೇಟರನ್ನು ಕೊಳ್ಳಬೇಡಿ.

ಪಂಪಿನಲ್ಲಿ ಡಿ5 ಮತ್ತು ಡಿಡಿಸಿ ಎಂಬ ಎರಡು ಮಾದರಿಗಳು ಬಹುಕಾಲದಿಂದ ನೆಲೆನಿಂತಿವೆ. ಡಿ5 ದೊಡ್ಡದು, ನಿಶ್ಶಬ್ದ, ತನ್ನ ಶಾಖವನ್ನು ತಾನೇ ನಿಭಾಯಿಸಿಕೊಳ್ಳುತ್ತದೆ. ಡಿಡಿಸಿ ಚಿಕ್ಕದು, ಹೆಚ್ಚು ಒತ್ತಡ ಕೊಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಎರಡು ಬ್ಲಾಕ್, ಎರಡು ರೇಡಿಯೇಟರ್ ಇರುವ ಲೂಪಿಗೆ ಒಂದು ಡಿ5 ಸಾಕು. ಅದು 20 ವ್ಯಾಟ್‌ಗೂ ಮೀರಿ ಎಳೆಯಬಲ್ಲದು. ಮದರ್‌ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ (ಫ್ಯಾನಿನ ತಂತಿ ಸಿಕ್ಕಿಸುವ ಪಿನ್‌ಗಳು) ಕೊಡುವುದು ಒಂದು ಆಂಪಿಯರ್, ಅಂದರೆ 12 ವ್ಯಾಟ್. ಹಾಗಾಗಿ ವಿದ್ಯುತ್ತನ್ನು ನೇರವಾಗಿ ಪವರ್ ಸಪ್ಲೈಯಿಂದಲೇ ಕೊಟ್ಟು, ವೇಗ ತಿಳಿಸುವ ತಂತಿಯನ್ನು ಮಾತ್ರ ಪ್ರೊಸೆಸರ್ ಫ್ಯಾನ್ ಹೆಡರ್‌ಗೆ ಸಿಕ್ಕಿಸಬೇಕು. ಪಂಪ್ ನಿಂತರೆ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಎಚ್ಚರಿಸುವುದು ಆ ತಂತಿಯಿಂದಲೇ. ಕರೆಂಟು ಹೋದಾಗ ಪಂಪ್ ನಿಂತು ಚಿಪ್ ಸುಟ್ಟೀತೆಂಬ ಅಂಜಿಕೆ ಬೇಡ; ಎರಡೂ ಒಟ್ಟಿಗೇ ನಿಲ್ಲುತ್ತವೆ.

ಕೊಳವೆಯಲ್ಲಿ ಮೊದಲ ಬಾರಿಗೆ ಮಾಡುವವರಿಗೆ ಮೆದು ಕೊಳವೆಯನ್ನೇ ಶಿಫಾರಸು ಮಾಡುತ್ತೇನೆ, ಅದರಲ್ಲಿಯೂ ಕಪ್ಪು ಬಣ್ಣದ ಇಪಿಡಿಎಂ ರಬ್ಬರಿನದು. ಪಾರದರ್ಶಕ ಪಿವಿಸಿ ಕೊಳವೆಯಲ್ಲಿರುವ ಮೆದುಕಾರಕ ದ್ರವ್ಯ ಕಾಲಕ್ರಮೇಣ ಹೊರಬಂದು ಕೊಳವೆಯನ್ನು ಮಬ್ಬಾಗಿಸುತ್ತದೆ, ಬ್ಲಾಕ್‌ನ ಕಿರುಗಾಲುವೆಗಳಲ್ಲಿ ಅಂಟಾಗಿ ಕೂರುತ್ತದೆ. ಪಿಇಟಿಜಿ ಅಥವಾ ಅಕ್ರಿಲಿಕ್‌ನ ಗಟ್ಟಿ ಕೊಳವೆಗಳ ಅಂದವನ್ನು ಒಪ್ಪುತ್ತೇನೆ; ಆದರೆ ಅಂದ ಒಂದು ಮೆಗಾಹರ್ಟ್ಸನ್ನೂ ಕೂಡಿಸುವುದಿಲ್ಲ, ಮತ್ತು ಕಾರ್ಡನ್ನು ಮತ್ತೆ ಮತ್ತೆ ಬಿಚ್ಚಬೇಕಾಗುವ ಓವರ್‌ಕ್ಲಾಕರ್‌ಗೆ ಗಟ್ಟಿ ಕೊಳವೆ ಪ್ರತಿ ಸಲವೂ ಅಡ್ಡಿಯೇ. ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ. ಇರುವ ಕೊಳವೆ ತಿರುವುಗಳಲ್ಲಿ ಮಡಚಿಕೊಳ್ಳುವುದಿಲ್ಲ. ಫಿಟ್ಟಿಂಗ್‌ಗಳು ಅದೇ 10/16 ಅಳತೆಯವಾಗಿರಬೇಕು, 10/13ರವು ಕೂರುವುದಿಲ್ಲ. ಬ್ಲಾಕ್ ಕಡೆಯ ತಿರುಪಿನ ಸುತ್ತು (ಥ್ರೆಡ್) ಬಹುತೇಕ ಎಲ್ಲ ಕಂಪನಿಗಳದೂ ಜಿ 1/4 ಎಂಬ ಅಳತೆಯದೇ ಆಗಿರುವುದರಿಂದ ಆ ಬಗ್ಗೆ ಯೋಚನೆಯಿಲ್ಲ.

ದ್ರವಕ್ಕೆ ಸಿದ್ಧ ಕೂಲಂಟ್ ಇಲ್ಲವೇ ಡಿಸ್ಟಿಲ್ಡ್ ವಾಟರ್‌ನೊಂದಿಗೆ ತುಕ್ಕುನಿರೋಧಕ ಮತ್ತು ಪಾಚಿನಿರೋಧಕ ಸೇರಿಸಿದ ಮಿಶ್ರಣ. ನಲ್ಲಿ ನೀರು ಕಾವೇರಿಯದಾದರೂ ಬೋರ್‌ವೆಲ್‌ನದಾದರೂ ನಿಷಿದ್ಧ. ಅದರಲ್ಲಿನ ಸುಣ್ಣದಂಶ ಕಾಲುವೆಗಳಲ್ಲಿ ಹೆಪ್ಪುಗಟ್ಟುತ್ತದೆ. ಮನೆಯ ಆರ್‌ಒ ಯಂತ್ರದ ನೀರೂ ಡಿಸ್ಟಿಲ್ಡ್ ನೀರಿಗೆ ಸಮನಲ್ಲ, ಲವಣ ಅದರಲ್ಲಿ ಉಳಿದೇ ಇರುತ್ತದೆ. ಹಾಲಿನಂತೆ ದಟ್ಟವಾದ ಬಣ್ಣದ ಕೂಲಂಟ್‌ಗಳಲ್ಲಿ ತೇಲುವ ಕಣಗಳಿರುವುದರಿಂದ ಅವು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಎರಡು ಲೀಟರ್ ಕೊಂಡಿಟ್ಟುಕೊಳ್ಳಿ. ಒಂದು ಲೀಟರಿನಷ್ಟು ಲೂಪಿಗೆ ಹಿಡಿಸುತ್ತದೆ, ಉಳಿದದ್ದು ಮರುಪೂರಣಕ್ಕೆ.

ಬಿಚ್ಚುವ ಮುನ್ನ

ಮೊದಲು ಕಂಪ್ಯೂಟರನ್ನು ಗಾಳಿ ಕೂಲರ್‌ಗಳಲ್ಲಿಯೇ ಓಡಿಸಿ, ಪ್ರತಿಯೊಂದು ಭಾಗವೂ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವೇಗ ಅಳೆದು ಅಂಕ ಕೊಡುವ ಸಿನೆಬೆಂಚ್ ಮತ್ತು 3ಡಿಮಾರ್ಕ್ ತಂತ್ರಾಂಶಗಳನ್ನು ಓಡಿಸಿ ಅಂಕ, ಉಷ್ಣತೆ, ಕ್ಲಾಕ್, ಜೊತೆಗೆ ಕೋಣೆಯ ಉಷ್ಣತೆ ಇಷ್ಟನ್ನೂ ಬರೆದಿಟ್ಟುಕೊಳ್ಳಿ. ದೋಷವುಳ್ಳ ಕಾರ್ಡೆಂದು ಬ್ಲಾಕ್ ಹಾಕಿದ ಮೇಲೆ ತಿಳಿದರೆ ಅದನ್ನು ಹಿಂದಿರುಗಿಸುವುದು ಕಷ್ಟ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂಬುದು ಒಂದೊಂದು ತಯಾರಕರಲ್ಲಿ ಒಂದೊಂದು ರೀತಿ. ಕಾರ್ಡ್ ಕೊಳ್ಳುವ ಮೊದಲೇ ಆ ನಿಯಮವನ್ನು ಓದಬೇಕು. ಬ್ಲಾಕ್ ಕೊಳ್ಳುವಾಗಲೂ 4090 ಎಂಬ ಹೆಸರೊಂದೇ ಸಾಲದು. ಒಂದೇ ಚಿಪ್ ಇದ್ದರೂ ಒಂದೊಂದು ಕಂಪನಿಯ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ ಬೇರೆಯಾಗಿರುತ್ತದೆ, ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಪೂರ್ಣ ಮಾದರಿ ಹೆಸರು ಇರಲೇಬೇಕು.

ಹೊಸ ರೇಡಿಯೇಟರ್‌ಗಳ ಒಳಗೆ ಬೆಸುಗೆಯ ಫ್ಲಕ್ಸ್ ಮತ್ತು ಲೋಹದ ಚೂರುಗಳು ಉಳಿದಿರುತ್ತವೆ. ಬಿಸಿ ಮಾಡಿದ ಡಿಸ್ಟಿಲ್ಡ್ ನೀರನ್ನು ಅರ್ಧ ತುಂಬಿ, ಬಾಯಿ ಮುಚ್ಚಿ, ಚೆನ್ನಾಗಿ ಕುಲುಕಿ, ಬಿಳಿ ಪಾತ್ರೆಗೆ ಸುರಿಯಿರಿ. ಹೊರಬಂದ ನೀರಿನಲ್ಲಿ ಕಣವಾಗಲಿ ನೊರೆಯಾಗಲಿ ಕಾಣದಾಗುವವರೆಗೆ ಇದನ್ನು ಮುಂದುವರಿಸಬೇಕು.

ಫ್ಯಾನ್‌ಗಳನ್ನು ರೇಡಿಯೇಟರ್‌ಗೆ ಬಿಗಿಯುವಾಗ ಸ್ಕ್ರೂವಿನ ಉದ್ದವನ್ನು ಕಣ್ಣಾರೆ ಅಳೆಯಿರಿ. 25 ಮಿ.ಮೀ. ದಪ್ಪದ ಫ್ಯಾನಿಗೆ 30 ಮಿ.ಮೀ. ಸ್ಕ್ರೂ ಎಂಬುದು ರೂಢಿ. ಫ್ಯಾನಿನ ಬದಲು ಕ್ಯಾಬಿನೆಟ್‌ನ ತೆಳು ತಗಡನ್ನು ರೇಡಿಯೇಟರ್‌ಗೆ ಬಿಗಿಯುವ ಕಡೆ ಅದೇ ಸ್ಕ್ರೂ ಹಾಕಿದರೆ ಅದು ರೆಕ್ಕೆಗಳನ್ನು ಸೀಳಿ ನೀರಿನ ಕೊಳವೆಗೆ ತೂತು ಕೊರೆಯುತ್ತದೆ. ಕೆಲವು ರೇಡಿಯೇಟರ್‌ಗಳಲ್ಲಿ ಸ್ಕ್ರೂ ರಂಧ್ರದ ಕೆಳಗೆ ರಕ್ಷಣಾ ತಗಡು ಇರುತ್ತದೆ, ತೆಳುವಾದ ಅನೇಕದರಲ್ಲಿ ಇರುವುದಿಲ್ಲ. ಸೋರಿಕೆಗೆ ಕಾರಣ ಹುಡುಕುತ್ತ ಫಿಟ್ಟಿಂಗ್‌ಗಳನ್ನೆಲ್ಲ ಬಿಗಿದು ಬಿಗಿದು ದಣಿದವರು ಕಡೆಗೆ ಕಂಡುಕೊಳ್ಳುವುದು ಇಂಥ ಒಂದು ಸ್ಕ್ರೂವನ್ನೇ.

ಗ್ರಾಫಿಕ್ಸ್ ಕಾರ್ಡಿಗೆ ಬ್ಲಾಕ್ ಕೂರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಕಾರ್ಡನ್ನು ಹತ್ತು ನಿಮಿಷ ಹೊರೆಯಲ್ಲಿ ಓಡಿಸಿ, ಆರಿಸಿ, ಇನ್ನೂ ಬೆಚ್ಚಗಿರುವಾಗಲೇ ತೆಗೆಯಿರಿ. ಚಿಪ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ಹಚ್ಚಿದ ಹಳೆಯ ಪೇಸ್ಟ್ ಮೆತ್ತಗಿದ್ದು ಕೂಲರ್ ಸುಲಭವಾಗಿ ಬಿಡುತ್ತದೆ. ಸ್ಕ್ರೂಗಳನ್ನು ಬಿಚ್ಚಿದ ಜಾಗದ ಕ್ರಮದಲ್ಲಿಯೇ ಕಾಗದದ ಮೇಲೆ ಅಂಟಿಸಿಡಿ. ಕೂಲರನ್ನು ಎತ್ತುವಾಗ ಎಳೆಯಬೇಡಿ, ಫ್ಯಾನ್ ಮತ್ತು ದೀಪಗಳ ತಂತಿಗಳು ಬೋರ್ಡಿಗೆ ಇನ್ನೂ ಸಿಕ್ಕಿರುತ್ತವೆ. ಅಂಟಿಕೊಂಡಿದ್ದರೆ ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಚಿ ಸಡಿಲಿಸಿ.

ಚಿಪ್ ಮತ್ತು ಮೆಮೊರಿಗಳ ಮೇಲಿನ ಹಳೆಯ ಪೇಸ್ಟು, ಶಾಖ ದಾಟಿಸುವ ಮೆತ್ತನೆಯ ಪ್ಯಾಡಿನ ಚೂರುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಬೆಳಕಿಗೆ ಹಿಡಿದಾಗ ಸಿಲಿಕಾನ್ ಕನ್ನಡಿಯಂತೆ ಕಾಣಬೇಕು. ಈಗ ಬ್ಲಾಕ್‌ನ ಕೈಪಿಡಿಯಲ್ಲಿರುವ ಪ್ಯಾಡ್ ನಕ್ಷೆಯನ್ನು ಅಕ್ಷರಶಃ ಪಾಲಿಸಬೇಕು. ಒಂದು ಕಡೆ 1 ಮಿ.ಮೀ., ಇನ್ನೊಂದು ಕಡೆ 1.5 ಮಿ.ಮೀ. ಎಂದಿದ್ದರೆ ಅದು ಅಲಂಕಾರಕ್ಕೆ ಬರೆದದ್ದಲ್ಲ. ಅರ್ಧ ಮಿ.ಮೀ. ದಪ್ಪ ಹೆಚ್ಚಾದರೆ ಬ್ಲಾಕ್ ಪ್ಯಾಡುಗಳ ಮೇಲೆ ನಿಂತುಬಿಡುತ್ತದೆ, ಚಿಪ್‌ಗೂ ತಾಮ್ರಕ್ಕೂ ನಡುವೆ ಸಂದು ಉಳಿಯುತ್ತದೆ. ಕಡಿಮೆಯಾದರೆ ಮೆಮೊರಿಯೋ ವೋಲ್ಟೇಜ್ ನಿಯಂತ್ರಕವೋ ತಣಿಯದೆ ಉಳಿಯುತ್ತದೆ. ಪ್ಯಾಡಿನ ಎರಡೂ ಬದಿಯ ಪ್ಲಾಸ್ಟಿಕ್ ಪದರವನ್ನು ತೆಗೆದಿರೇ ಎಂದು ಒಂದೊಂದನ್ನೂ ಮುಟ್ಟಿ ನೋಡಿ.

ಮುಚ್ಚಳವಿಲ್ಲದ ಚಿಪ್‌ಗೆ ಪೇಸ್ಟನ್ನು ಮೂಲೆಗಳವರೆಗೂ ತೆಳುವಾಗಿ, ಸಮನಾಗಿ ಹರಡಬೇಕು. ನಡುವೆ ಒಂದು ಬೊಟ್ಟಿಟ್ಟು ಬಿಡುವ ಪದ್ಧತಿ ಇಲ್ಲಿ ಬೇಡ, ಮೂಲೆ ಬರಿದಾದರೆ ಆ ಮೂಲೆ ಸುಡುತ್ತದೆ. ಬ್ಲಾಕನ್ನು ಮೇಜಿನ ಮೇಲೆ ಮೇಲ್ಮುಖವಾಗಿಟ್ಟು ಕಾರ್ಡನ್ನು ಅದರ ಮೇಲೆ ನೇರವಾಗಿ ಇಳಿಸಿ, ಚಿಪ್ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರುಮೂಲೆಗೆ, ಒಂದೊಂದನ್ನು ಅರ್ಧ ಸುತ್ತಿನಂತೆ ಬಿಗಿಯುತ್ತ ಹೋಗಿ. ಎಲ್ಲ ಮುಗಿದ ಮೇಲೆ, ಒಮ್ಮೆ ಬಿಚ್ಚಿ ಗುರುತು ನೋಡಿ. ಪೇಸ್ಟ್ ಪೂರ್ತಿ ಹರಡಿದೆಯೇ, ಪ್ರತಿ ಪ್ಯಾಡಿನ ಮೇಲೂ ಬಿಡಿಭಾಗದ ಅಚ್ಚು ಬಿದ್ದಿದೆಯೇ ಎಂದು ಪರೀಕ್ಷಿಸಿ, ಹೊಸ ಪೇಸ್ಟ್ ಹಚ್ಚಿ ಮತ್ತೆ ಬಿಗಿಯಿರಿ. ಈ ಎರಡನೆಯ ಸುತ್ತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಲೂಪ್ ತುಂಬಿದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಎಷ್ಟೋ ಮೇಲು.

ಪ್ರೊಸೆಸರ್ ಬ್ಲಾಕ್

ಇದು ಸರಳ. 7950ಎಕ್ಸ್ ಕೂರುವ ಎಎಂ5 ಸಾಕೆಟ್‌ನ ಮದರ್‌ಬೋರ್ಡಿನಲ್ಲಿ ಹಿಂಬದಿಯ ಫಲಕವನ್ನು ತೆಗೆಯಬೇಕಿಲ್ಲ; ಮುಂಬದಿಯ ಪ್ಲಾಸ್ಟಿಕ್ ಹಿಡಿಕೆಗಳನ್ನು ಬಿಚ್ಚಿ, ಬ್ಲಾಕ್‌ನ ಕಂಬಗಳನ್ನು ಅದೇ ಫಲಕಕ್ಕೆ ಬಿಗಿಯಬೇಕು. ಹಳೆಯ ಎಎಂ4ನಿಂದ ಕೂಲರ್ ತೆಗೆಯುವವರು ಮಾತ್ರ ಎಚ್ಚರಿಕೆ ವಹಿಸಲಿ: ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತುಬಂದು ಪಿನ್‌ಗಳು ಬಾಗಬಹುದು. ಬೆಚ್ಚಗಿರುವಾಗ ತಿರುಚಿ ತೆಗೆಯಿರಿ. 7950ಎಕ್ಸ್‌ನ ಎರಡು ಚಿಪ್ಲೆಟ್‌ಗಳು ಮುಚ್ಚಳದ ನಡುಮಧ್ಯದಲ್ಲಿರದೆ ಒಂದು ಬದಿಗೆ ಸರಿದಿವೆ. ಅವುಗಳ ಕಡೆಗೆ ಬ್ಲಾಕನ್ನು ಕೆಲವು ಮಿ.ಮೀ. ಸರಿಸಿ ಕೂರಿಸುವ ಹಿಡಿಕೆಗಳು ಸಿಗುವುದಾದರೆ ತೆಗೆದುಕೊಳ್ಳಿ, ಒಂದೆರಡು ಡಿಗ್ರಿಯಾದರೂ ಇಳಿಯುತ್ತದೆ. ಬ್ಲಾಕ್‌ನ ಒಳಹರಿವು ಮತ್ತು ಹೊರಹರಿವಿನ ರಂಧ್ರಗಳನ್ನು ಅದಲುಬದಲು ಮಾಡುವಂತಿಲ್ಲ. ಒಳಬಂದ ನೀರು ಕಿರುಗಾಲುವೆಗಳ ನಡುವಿಗೆ ಚಿಮ್ಮುವಂತೆ ವಿನ್ಯಾಸ ಮಾಡಿರುತ್ತಾರೆ, ದಿಕ್ಕು ತಿರುಗಿದರೆ ಆ ಲಾಭ ಕೈತಪ್ಪುತ್ತದೆ.

ಕೊಳವೆ, ಗಾಳಿ ಪರೀಕ್ಷೆ, ನೀರು

ಕೊಳವೆಯನ್ನು ಅಂದಾಜಿಗಿಂತ ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ತುದಿ ನೂಲು ಹಿಡಿದಂತೆ ನೇರವಾಗಿರಲಿ. ಓರೆಯಾಗಿ ಕತ್ತರಿಸಿದ ತುದಿ ಫಿಟ್ಟಿಂಗ್‌ನ ಬುಡವನ್ನು ಮುಟ್ಟುವುದಿಲ್ಲ. ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಸಲೀಸಾಗಿ ಕೂರುತ್ತದೆ. ಬ್ಲಾಕ್ ಕಡೆಯ ತಿರುಪನ್ನು ಕೈಯಲ್ಲಿಯೇ ಬಿಗಿಯಬೇಕು. ನೀರನ್ನು ತಡೆಯುವುದು ಓ-ರಿಂಗ್, ಬಲವಲ್ಲ. ಅಕ್ರಿಲಿಕ್ ಬ್ಲಾಕಿಗೆ ಸ್ಪ್ಯಾನರ್ ಹಾಕಿದರೆ ಬಿರುಕು ಬಿಡುತ್ತದೆ. ಲೂಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ಟಿ-ಫಿಟ್ಟಿಂಗ್ ಮತ್ತು ಬಾಲ್ ವಾಲ್ವ್ ಇಡುವುದನ್ನು ಮರೆಯಬೇಡಿ. ಮುಂದೆ ನೀರು ಖಾಲಿ ಮಾಡುವ ದಿನ ಅದರ ಬೆಲೆ ತಿಳಿಯುತ್ತದೆ. ಇನ್ನೊಂದು ಖಾಲಿ ರಂಧ್ರಕ್ಕೆ ನೀರಿನ ಉಷ್ಣತೆ ಅಳೆಯುವ ಸೆನ್ಸರ್ ಇರುವ ಪ್ಲಗ್ ಹಾಕಿ, ಅದರ ತಂತಿಯನ್ನು ಮದರ್‌ಬೋರ್ಡಿನ ಉಷ್ಣತಾ ಹೆಡರ್‌ಗೆ ಸೇರಿಸಿ.

ನೀರು ಹಾಕುವ ಮೊದಲು ಗಾಳಿ ಪರೀಕ್ಷೆ. ಒತ್ತಡಮಾಪಕ ಇರುವ ಕೈಪಂಪನ್ನು ಲೂಪಿನ ಒಂದು ರಂಧ್ರಕ್ಕೆ ಜೋಡಿಸಿ, ತಯಾರಕರು ಹೇಳಿದ ಮಿತಿ ಮೀರದಂತೆ ಸುಮಾರು ಅರ್ಧ ಬಾರ್ ಒತ್ತಡ ತುಂಬಿ, ಹದಿನೈದು ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ ಲೂಪ್ ಭದ್ರವಾಗಿದೆ. ಇಳಿದರೆ ಒಂದೊಂದು ಸಂಧಿಗೂ ಸಾಬೂನು ನೀರು ಹಚ್ಚುವ ಬದಲು, ಲೂಪನ್ನು ಅರ್ಧಕ್ಕೆ ಬೇರ್ಪಡಿಸಿ ಯಾವ ಅರ್ಧದಲ್ಲಿ ದೋಷವಿದೆ ಎಂದು ನೋಡುತ್ತ ಹೋಗಿ. ಈ ಪುಟ್ಟ ಉಪಕರಣ ಇಲ್ಲದೆ ನೀರು ತುಂಬಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ; ಲಕ್ಷ ರೂಪಾಯಿ ದಾಟುವ ಕಾರ್ಡಿನ ಮುಂದೆ ಅದರ ಬೆಲೆ ಏನೇನೂ ಅಲ್ಲ.

ನೀರು ತುಂಬುವಾಗ ಪಂಪ್ ಒಂದಕ್ಕೆ ಮಾತ್ರ ವಿದ್ಯುತ್ ಇರಬೇಕು. ಮದರ್‌ಬೋರ್ಡ್, ಪ್ರೊಸೆಸರ್, ಕಾರ್ಡ್, ಡಿಸ್ಕ್‌ಗಳ ಎಲ್ಲ ತಂತಿಗಳನ್ನೂ ಪವರ್ ಸಪ್ಲೈಯಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರ್‌ಗೆ ಜಂಪರ್ ಪ್ಲಗ್ ಸಿಕ್ಕಿಸಿ. ಅದು ಮಾಡುವುದಿಷ್ಟೆ, 16ನೆಯ ಪಿನ್ನನ್ನು ಗ್ರೌಂಡ್ ಪಿನ್ನಿಗೆ ಸೇರಿಸಿ ಪವರ್ ಸಪ್ಲೈಯನ್ನು ಎಚ್ಚರಿಸುತ್ತದೆ. ಪ್ರತಿ ಸಂಧಿಯ ಕೆಳಗೂ ಬಿಳಿ ಟಿಶ್ಯೂ ಕಾಗದ ಹಾಸಿ. ರಿಸರ್ವಾಯರ್ ತುಂಬಿಸಿ, ಪಂಪನ್ನು ಕೆಲವು ಸೆಕೆಂಡು ಮಾತ್ರ ಓಡಿಸಿ, ನೀರಿನ ಮಟ್ಟ ಇಳಿಯುತ್ತಿದ್ದಂತೆ ಆರಿಸಿ ಮತ್ತೆ ತುಂಬಿಸಿ. ಪಂಪಿನ ಬೇರಿಂಗ್‌ಗೆ ದ್ರವವೇ ಎಣ್ಣೆ. ಒಣದಾಗಿ ಓಡಿದರೆ ಅದು ಹಾಳಾಗುತ್ತದೆ. ತುಂಬಿದ ಮೇಲೆ ಕ್ಯಾಬಿನೆಟನ್ನು ನಾಲ್ಕೂ ಕಡೆಗೆ ಮೆಲ್ಲನೆ ವಾಲಿಸುತ್ತ ರೇಡಿಯೇಟರ್‌ನಲ್ಲಿ ಸಿಲುಕಿದ ಗಾಳಿಯನ್ನು ರಿಸರ್ವಾಯರ್‌ಗೆ ಬರುವಂತೆ ಮಾಡಿ. ಗಳಗಳ ಸದ್ದು ನಿಂತ ಮೇಲೂ ಕೆಲವು ಗಂಟೆ ಹೀಗೆಯೇ ಓಡಲಿ, ಸಾಧ್ಯವಾದರೆ ಒಂದು ರಾತ್ರಿ. ಎಲ್ಲಾದರೂ ಹನಿ ಬಿದ್ದಿದ್ದರೆ ಸಂಪೂರ್ಣ ಒಣಗುವವರೆಗೆ ಬೋರ್ಡಿಗೆ ವಿದ್ಯುತ್ ಕೊಡುವಂತಿಲ್ಲ. ಡಿಸ್ಟಿಲ್ಡ್ ನೀರು ವಿದ್ಯುತ್ತನ್ನು ಅಷ್ಟಾಗಿ ಹಾಯಿಸದು ಎಂಬ ಮಾತು ಬಾಟಲಿಯಲ್ಲಿರುವಾಗ ನಿಜ, ಲೋಹ ಮತ್ತು ಧೂಳನ್ನು ಮುಟ್ಟಿದ ಮೇಲೆ ಅಲ್ಲ.

ಮೊದಲ ಚಾಲನೆ

ತಂತಿಗಳನ್ನು ಮರಳಿ ಜೋಡಿಸುವಾಗ 4090ರ 12 ವೋಲ್ಟಿನ ಹೊಸ ಕನೆಕ್ಟರ್ ಬುಡದವರೆಗೆ ಕೂತಿದೆಯೇ ಎಂದು ಕಣ್ಣಿಟ್ಟು ನೋಡಿ. 2022ರ ಕೊನೆಯಲ್ಲಿ ಕರಗಿದವೆಂದು ಸುದ್ದಿಯಾದ ಕನೆಕ್ಟರ್‌ಗಳಲ್ಲಿ ಅನೇಕವು ಪೂರ್ತಿ ಒಳಸೇರದವು. ಬುಡದಿಂದ ಸುಮಾರು 35 ಮಿ.ಮೀ.ವರೆಗೆ ತಂತಿಯನ್ನು ಬಗ್ಗಿಸಬೇಡಿ. ಕಂಪ್ಯೂಟರ್ ಏಳುತ್ತಿದ್ದಂತೆ ನೇರವಾಗಿ ಬಯೋಸ್‌ಗೆ ಹೋಗಿ ಪಂಪಿನ ವೇಗವನ್ನೂ ಪ್ರೊಸೆಸರ್‌ನ ಉಷ್ಣತೆಯನ್ನೂ ನೋಡಿ. ಉಷ್ಣತೆ ಒಂದೇ ಸಮನೆ ಏರುತ್ತಿದ್ದರೆ ಹರಿವಿಲ್ಲವೆಂದರ್ಥ, ಕೂಡಲೇ ಆರಿಸಬೇಕು.

ಫ್ಯಾನ್‌ಗಳನ್ನು ಪ್ರೊಸೆಸರ್‌ನ ಉಷ್ಣತೆಗೆ ಕಟ್ಟದೆ ನೀರಿನ ಉಷ್ಣತೆಗೆ ಕಟ್ಟಬೇಕು. ಚಿಪ್ ಒಂದು ಸೆಕೆಂಡಿನಲ್ಲಿ ಇಪ್ಪತ್ತು ಡಿಗ್ರಿ ಹಾರುತ್ತದೆ, ನೀರು ನಿಧಾನವಾಗಿ ನಿಮಿಷಗಳಲ್ಲಿ ಏರುತ್ತದೆ. ಫ್ಯಾನ್ ಚಿಪ್ಪನ್ನು ಹಿಂಬಾಲಿಸಿದರೆ ಸುಮ್ಮನೆ ಊಳಿಡುತ್ತದೆ. ಕೋಣೆಗಿಂತ 5 ಡಿಗ್ರಿ ಮೇಲಿರುವಾಗ ಕನಿಷ್ಠ ವೇಗ, 15 ಡಿಗ್ರಿ ಮೇಲಿರುವಾಗ ಗರಿಷ್ಠ ವೇಗ ಎಂಬಂತೆ ಏರುರೇಖೆ ಹಾಕಿಕೊಳ್ಳಿ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಬೇರೆ ಬೇರೆಯಾಗಿ ಉಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಓವರ್‌ಕ್ಲಾಕ್: ಮೊದಲು ಕಾರ್ಡ್

ಕಾರ್ಡಿನ ಕ್ಲಾಕ್ ಮತ್ತು ವಿದ್ಯುತ್ ಮಿತಿ ಬದಲಿಸುವ ಎಂಎಸ್ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಮೊದಲು ವಿದ್ಯುತ್ ಮಿತಿಯನ್ನು ಪೂರ್ತಿ ಏರಿಸಿ. ಎನ್‌ವಿಡಿಯಾ ಕಾರ್ಡ್‌ಗಳು ಬಿಸಿಯೇರಿದಂತೆ 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ತಾವಾಗಿಯೇ ಕ್ಲಾಕ್ ಇಳಿಸುತ್ತವೆ. ಆದ್ದರಿಂದ ನೀರು ಹರಿಸಿದಷ್ಟಕ್ಕೇ, ನೀವೇನೂ ಮಾಡದೆಯೇ, ಕ್ಲಾಕ್ ಸ್ವಲ್ಪ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಕೋರ್ ಕ್ಲಾಕನ್ನು 30 ಮೆಗಾಹರ್ಟ್ಸ್‌ನಂತೆ ಏರಿಸುತ್ತ, ಪ್ರತಿ ಏರಿಕೆಗೂ 3ಡಿಮಾರ್ಕ್‌ನ ಒಂದು ಪರೀಕ್ಷೆಯನ್ನೂ ನೀವು ನಿಜಕ್ಕೂ ಆಡುವ ಒಂದು ಆಟವನ್ನೂ ಓಡಿಸಿ. ತೆರೆ ಮಿನುಗಿದರೆ, ಡ್ರೈವರ್ ಮರುಪ್ರಾರಂಭವಾದರೆ ಎರಡು ಮೆಟ್ಟಿಲು ಹಿಂದಕ್ಕೆ ಬನ್ನಿ.

ಮೆಮೊರಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 4090ರಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ ತಪ್ಪಾದ ದತ್ತಾಂಶವನ್ನು ಗುರುತಿಸಿ ಮತ್ತೆ ಕಳುಹಿಸಿಕೊಳ್ಳುತ್ತದೆ. ಹಾಗಾಗಿ ಮಿತಿ ಮೀರಿದಾಗ ಕಂಪ್ಯೂಟರ್ ಕುಸಿಯುವ ಬದಲು ಅಂಕ ಇಳಿಯತೊಡಗುತ್ತದೆ. ಏರಿಸಿದ ಕ್ಲಾಕಿನಲ್ಲಿ ಸುಭದ್ರವಾಗಿದೆ ಎಂದು ಹಿಗ್ಗುವ ಮೊದಲು ಅಂಕ ಹೆಚ್ಚಿತೇ ಎಂದು ನೋಡಬೇಕು. ಇಳಿಯಲು ಆರಂಭಿಸಿದ ಬಿಂದುವಿಗಿಂತ ಕೆಳಗೆ ನಿಲ್ಲಿಸಬೇಕು.

ಅನಂತರ ಪ್ರೊಸೆಸರ್

ಮೊದಲು ಬಯೋಸ್ ಹೊಸತಾಗಿಸಿ. 2023ರಲ್ಲಿ ಎಎಂ5 ಬೋರ್ಡ್‌ಗಳಲ್ಲಿ ಕೆಲವು ಪ್ರೊಸೆಸರ್‌ಗಳು ಸುಟ್ಟ ಬಳಿಕ ಎಎಂಡಿ ಎಸ್ಒಸಿ ವೋಲ್ಟೇಜಿಗೆ (ಪ್ರೊಸೆಸರ್ ಒಳಗಿನ ಮೆಮೊರಿ ನಿಯಂತ್ರಕ ಮುಂತಾದ ಭಾಗಗಳಿಗೆ ಹೋಗುವ ವೋಲ್ಟೇಜಿಗೆ) 1.3 ವೋಲ್ಟಿನ ಮಿತಿ ಹಾಕಿತು. ಹಳೆಯ ಬಯೋಸ್‌ಗಳಲ್ಲಿ ಆ ತಡೆ ಇಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಚಿಪ್‌ಗಳಲ್ಲಿಯೂ ಹೆಚ್ಚಿನ ವೋಲ್ಟೇಜಿನಿಂದ ಚಿಪ್ ಶಾಶ್ವತವಾಗಿ ದುರ್ಬಲವಾಗುವ ಸಮಸ್ಯೆ ಬಯಲಾಗಿ 2024ರಲ್ಲಿ ತಿದ್ದುಪಡಿಗಳು ಬಂದವು. ಎರಡೂ ಪ್ರಕರಣಗಳು ತಿಳಿಸುವುದು ಒಂದನ್ನೇ: ವೋಲ್ಟೇಜಿನಿಂದ ಆಗುವ ಹಾನಿಯನ್ನು ತಂಪು ತಡೆಯಲಾರದು. ಥರ್ಮಾಮೀಟರ್ 60 ತೋರಿಸುತ್ತಿದೆ ಎಂಬುದು 1.45 ವೋಲ್ಟ್ ಕೊಡಲು ಪರವಾನಗಿಯಲ್ಲ.

ಆದ್ದರಿಂದಲೇ 7950ಎಕ್ಸ್‌ನಂಥ ಚಿಪ್‌ಗೆ ಎಲ್ಲ ಕೋರ್‌ಗಳಿಗೂ ಒಂದೇ ಕ್ಲಾಕ್, ಒಂದೇ ವೋಲ್ಟೇಜ್ ಕಟ್ಟುವ ಹಳೆಯ ವಿಧಾನವನ್ನು ನಾನು ಶಿಫಾರಸು ಮಾಡುವುದಿಲ್ಲ. ಅದರಿಂದ ಒಂದೆರಡು ಕೋರ್‌ಗಳು ಮಾತ್ರ ದುಡಿಯುವಾಗ ಸಿಗುವ 5.7 ಗಿಗಾಹರ್ಟ್ಸ್ ಬೂಸ್ಟ್ ಕೈಬಿಟ್ಟುಹೋಗುತ್ತದೆ. ಬದಲಿಗೆ ಬಯೋಸ್‌ನಲ್ಲಿ ಪಿಬಿಒವನ್ನು (ಎಎಂಡಿಯ ಸ್ವಯಂಚಾಲಿತ ಓವರ್‌ಕ್ಲಾಕಿಂಗ್ ಸೌಲಭ್ಯವನ್ನು) ಚಾಲೂ ಮಾಡಿ, ಕೋರ್‌ಗಳ ವೋಲ್ಟೇಜನ್ನು ಹೊಂದಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಶುರುಮಾಡಿ. ವೋಲ್ಟೇಜು ಇಳಿದಷ್ಟೂ ಶಾಖ ಇಳಿಯುತ್ತದೆ, ಉಳಿದ ಉಷ್ಣತೆಯ ಅವಕಾಶವನ್ನು ಚಿಪ್ ತಾನೇ ವೇಗವಾಗಿ ಪರಿವರ್ತಿಸಿಕೊಳ್ಳುತ್ತದೆ. ಬಳಿಕ ಮೈನಸ್ 15, 20 ಎಂದು ಮುಂದುವರಿಯಿರಿ. ಅತ್ಯುತ್ತಮ ಎಂದು ಗುರುತಿಸಲಾದ ಕೋರ್‌ಗಳು ಈಗಾಗಲೇ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತಿರುವುದರಿಂದ ಅವುಗಳಿಂದ ಹೆಚ್ಚು ಕಳೆಯಲಾಗುವುದಿಲ್ಲ. ಅವಕ್ಕೆ ಬೇರೆಯಾಗಿ ಕಡಿಮೆ ಅಂಕಿ ಕೊಡಿ.

ಪರೀಕ್ಷೆ ಎರಡು ಬಗೆಯದಾಗಿರಬೇಕು. ಪ್ರೈಮ್95 ಅಥವಾ ಸಿನೆಬೆಂಚ್ ಎಲ್ಲ ಕೋರ್‌ಗಳಿಗೂ ಹೊರೆ ಕೊಟ್ಟು ಲೂಪನ್ನು ಪರೀಕ್ಷಿಸುತ್ತದೆ, ಆದರೆ ಕರ್ವ್ ಆಪ್ಟಿಮೈಸರ್‌ನ ದೋಷಗಳು ಬಯಲಾಗುವುದು ಹಗುರ ಕೆಲಸದಲ್ಲಿ, ಒಂದೇ ಕೋರ್ ಅತಿ ಎತ್ತರದ ಕ್ಲಾಕಿಗೆ ಹಾರಿದಾಗ. ಓಸಿಸಿಟಿಯಲ್ಲಿ ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ವ್ಯವಸ್ಥೆಯಿದೆ. ಅದನ್ನು ರಾತ್ರಿಯೆಲ್ಲ ಓಡಲು ಬಿಡಿ. ಸೆನ್ಸರ್‌ಗಳ ಅಂಕಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಹಾರ್ಡ್‌ವೇರ್ ದೋಷಗಳ ಎಣಿಕೆ ಸೊನ್ನೆಯಲ್ಲಿಯೇ ಇರಬೇಕು. ಒಂದು ದೋಷ ಕಂಡರೂ ಆ ಕೋರಿನ ಅಂಕಿಯನ್ನು ಐದರಷ್ಟು ಹಿಂದಕ್ಕೆ ತನ್ನಿ. ಕೊನೆಯಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಒಟ್ಟಿಗೆ ಒಂದು ಗಂಟೆ ಹೊರೆ ಕೊಟ್ಟು ನೀರಿನ ಉಷ್ಣತೆ ಎಲ್ಲಿ ನಿಲ್ಲುತ್ತದೆಂದು ಗಮನಿಸಿ; ಲೂಪಿನ ನಿಜವಾದ ಸಾಮರ್ಥ್ಯ ಆ ಸಂಖ್ಯೆಯೇ.

ನಿರ್ವಹಣೆ

ಧೂಳು ಹೆಚ್ಚಿರುವ ಊರುಗಳಲ್ಲಿ ಫಿಲ್ಟರ್‌ಗಳನ್ನು ತಿಂಗಳಿಗೊಮ್ಮೆ, ರೇಡಿಯೇಟರ್‌ನ ರೆಕ್ಕೆಗಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಊದಿ ಸ್ವಚ್ಛಗೊಳಿಸಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿದುಕೊಳ್ಳಿ. ಕೂಲಂಟನ್ನು ವರ್ಷಕ್ಕೊಮ್ಮೆ ಬದಲಿಸುವುದು ಸುರಕ್ಷಿತ. ಬಣ್ಣವಿಲ್ಲದ ನೀರು ನೀಲಿ-ಹಸಿರಿಗೆ ತಿರುಗಿದರೆ ತಾಮ್ರ ಸವೆಯುತ್ತಿದೆ, ಲೋಳೆ ಕಂಡರೆ ಪಾಚಿ ಬೆಳೆಯುತ್ತಿದೆ. ಹರಿವು ಸರಿಯಿದ್ದೂ, ನೀರಿನ ಉಷ್ಣತೆ ಎಂದಿನಂತೆಯೇ ಇದ್ದೂ ಚಿಪ್ ಮಾತ್ರ ಮೊದಲಿಗಿಂತ ಬಿಸಿಯಾಗುತ್ತಿದ್ದರೆ ಪೇಸ್ಟ್ ಒಣಗಿರಬೇಕು ಇಲ್ಲವೇ ಬ್ಲಾಕ್‌ನ ಕಾಲುವೆಗಳು ಕಟ್ಟಿಕೊಂಡಿರಬೇಕು. ಆಗ ಬ್ಲಾಕನ್ನು ಬಿಚ್ಚಿ, ಮೆದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಡಿಸ್ಟಿಲ್ಡ್ ನೀರಿನಲ್ಲಿ ಕಾಲುವೆಗಳ ಉದ್ದಕ್ಕೆ ಉಜ್ಜಿ, ಓ-ರಿಂಗ್ ಅದರ ತೋಡಿನಲ್ಲಿ ತಿರುಚದೆ ಕೂತಿದೆಯೆಂದು ನೋಡಿ ಮುಚ್ಚಬೇಕು, ಮತ್ತು ಗಾಳಿ ಪರೀಕ್ಷೆಯನ್ನು ಹೊಸ ಲೂಪಿಗೆ ಮಾಡಿದಷ್ಟೇ ಪೂರ್ಣವಾಗಿ ಮತ್ತೆ ಮಾಡಬೇಕು. ಮನೆ ಬದಲಿಸುವವರು ಕಂಪ್ಯೂಟರನ್ನು ವಾಹನಕ್ಕೆ ಏರಿಸುವ ಮುನ್ನ ಕೆಳಗಿನ ವಾಲ್ವ್ ತೆರೆದು ಲೂಪನ್ನು ಖಾಲಿ ಮಾಡಿಯೇ ಹೊರಡಲಿ; ಭಾರವಾದ ಕಾರ್ಡನ್ನು ಸ್ಲಾಟಿನಿಂದ ತೆಗೆದು ಬೇರೆಯಾಗಿ ಕಟ್ಟುವುದಕ್ಕೂ ಆಗ ಸುಲಭವಾಗುತ್ತದೆ.